ಮಾವನ ಕಾರಿನ ಮಿಸ್ಸಿಂಗು

ಮಾವನವರು ತಮ್ಮ ಹಳೆಯ ಕಾರನ್ನು ಹಿರಿಯ ಅಳಿಯನ ಮನೆ ಮುಂದೆ ತಂದು ನಿಲ್ಲಿಸಿ, "ಇಟ್ಕೊಂಡಿರಿ ಅಳಿಯಂದ್ರೇ" ಎಂದು ಹೋಗಿ ತಿಂಗಳುಗಳೇ ಕಳೆದಿದ್ದವು. ಓಡಿಸುವ ಮಾತಿರಲಿ, ಸ್ಟಾರ್ಟ್ ಮಾಡಿದರೆ ಅದು ನಿಂತಲ್ಲೇ ಚಳಿಜ್ವರ ಬಂದವರಂತೆ ನಡುಗುತ್ತಿತ್ತು. ಬೀದಿಯವರು ಅದಕ್ಕೆ 'ಬಿಕ್ಕಳಿಕೆ' ಎಂದು ಹೆಸರಿಟ್ಟರು. ಬರಬರುತ್ತ ಅಳಿಯನನ್ನೂ, ಅಂದರೆ ನಮ್ಮ ಅಂಚೆ ಗುಮಾಸ್ತನನ್ನೂ, ಅದೇ ಹೆಸರಿನಿಂದ ಕರೆಯತೊಡಗಿದರು.

ಆ ಭಾನುವಾರ ರಾತ್ರಿ ನಾದಿನಿಯ ಮನೆಯಲ್ಲಿ ಊಟವಿತ್ತು. ಹಿಂದಿನ ಸಲ ಗಂಡಹೆಂಡತಿ ಬಸ್ಸಿಳಿದು ಮಳೆಯಲ್ಲಿ ತೊಪ್ಪೆಯಾಗಿ ಹೋದಾಗ ಷಡ್ಡಕ ಬಾಗಿಲಲ್ಲೇ, "ಅಲ್ಲೇ ನಿಂತ್ಕೊಳ್ಳಿ ಭಾವ, ನೆಲ ಹೊಸದು" ಎಂದಿದ್ದ. ಹೆಂಡತಿ ಅದನ್ನು ಮರೆತಿರಲಿಲ್ಲ.

"ಈ ಸಲ ಕಾರಲ್ಲಿ ಹೋಗೋದಾದ್ರೆ ಬರ್ತೀನಿ. ಇಲ್ಲಾಂದ್ರೆ ನೀವೊಬ್ರೇ ಹೋಗಿ."

ಬೆಳಿಗ್ಗೆ ಗುಮಾಸ್ತ ಕಾರು ಸ್ಟಾರ್ಟ್ ಮಾಡಿ ಬಾನೆಟ್ ಎತ್ತಿದ್ದೇ ತಡ, ಎದುರುಮನೆಯ ನಿವೃತ್ತ ಬಸ್ ಡ್ರೈವರು ಲುಂಗಿ ಎತ್ತಿ ಕಟ್ಟಿಕೊಂಡು ಬಂದರು. ಕಿವಿಗೊಟ್ಟು ಕೇಳಿ ತಲೆಯಾಡಿಸಿದರು.

"ಮಿಸ್ಸಿಂಗು ಸ್ವಾಮಿ, ನಾಲ್ಕು ಸಿಲಿಂಡರಲ್ಲಿ ಒಂದು ಕೆಲಸ ಮಾಡ್ತಿಲ್ಲ. ನಮ್ಮ ಡಿಪೋದಲ್ಲೂ ಹೀಗೇ, ನಾಲ್ಕು ಜನದಲ್ಲಿ ಒಬ್ಬ ಬರೀ ಹಾಜರಿ ಹಾಕೋನು."

"ಅದೆಲ್ಲ ಅಲ್ರೀ, ಪೆಟ್ರೋಲಿಗೆ ನೀರು ಸೇರಿದೆ" ಎಂದರು ಪಕ್ಕದ ಮನೆಯ ವಿಜ್ಞಾನದ ಮೇಷ್ಟ್ರು, ಕಾಂಪೌಂಡಿನ ಮೇಲಿಂದಲೇ.

"ನೀವು ಬಸ್ ಓಡಿಸಿದ್ರಾ?"

"ನೀವು ಪುಸ್ತಕ ಓದಿದ್ರಾ?"

ಕೊನೆಗೆ ಡ್ರೈವರೇ ಗೆದ್ದರು. ಎಂಜಿನ್ ಓಡುತ್ತಿರುವಾಗಲೇ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಎಳೆಯಬೇಕು. ಯಾವುದನ್ನು ಎಳೆದರೆ ಸದ್ದು ಬದಲಾಗುವುದಿಲ್ಲವೋ ಅದೇ ಕಳ್ಳ. ಎಳೆಯುವ ಕೆಲಸ ಮಾತ್ರ ಗುಮಾಸ್ತನದು. ಮೊದಲ ವೈರಿಗೆ ಕೈ ಹಾಕುತ್ತಲೇ ಕರೆಂಟು ಹೊಡೆದು, ಎಗರಿ, ತಲೆ ಬಾನೆಟ್ಟಿಗೆ ಬಡಿಯಿತು.

"ಬದಲಾಯ್ತಾ ಸದ್ದು?" ಎಂದರು ಡ್ರೈವರು.

"ನನ್ನದೋ, ಎಂಜಿನ್ದೋ?"

ಆಮೇಲೆ ಎಂಜಿನ್ ಆರಿಸಿ ಎಲ್ಲ ವೈರು ಬಿಚ್ಚಿ ಪ್ಲಗ್ ಉಜ್ಜಿದ್ದಾಯಿತು. ಮೇಷ್ಟ್ರು ಎರಡು ವೈರು ಸಿಕ್ಕಿಸಿದರು, ಡ್ರೈವರು ಎರಡು. ಯಾವುದು ಎಲ್ಲಿಯದೆಂದು ಇಬ್ಬರೂ ಒಬ್ಬರನ್ನೊಬ್ಬರು ಕೇಳಲಿಲ್ಲ. ಗುಮಾಸ್ತ ಕೀ ತಿರುಗಿಸಿದ. ಪಟಾರ್! ಹಿಂದಿನ ಕೊಳವೆಯಿಂದ ಹೊರಟ ಕರಿಹೊಗೆ ಮೇಷ್ಟ್ರ ಹೆಂಡತಿ ಆಗಷ್ಟೇ ಒಗೆದು ಹರವಿದ್ದ ಬಿಳಿ ಹೊದಿಕೆಗಳ ಮೇಲೆ ಕೂತಿತು.

"ಏನ್ರೀ, ನಿಮ್ಮ ಬಿಕ್ಕಳಿಕೆ ನಮ್ಮನೇಗೇ ಬರ್ಬೇಕಾ?"

ತಿರುಗಿ ನೋಡಿದರೆ ಡ್ರೈವರೂ ಇಲ್ಲ, ಮೇಷ್ಟ್ರೂ ಇಲ್ಲ. ಮಧ್ಯಾಹ್ನವೆಲ್ಲ ಗುಮಾಸ್ತ ಆಕೆಯ ಒಗೆಯುವ ಕಲ್ಲಿನ ಮುಂದೆ ಬಗ್ಗಿ ಹೊದಿಕೆ ಉಜ್ಜಿದ. "ಮೂಲೇಲಿ ಇನ್ನೂ ಇದೆ" ಎಂದು ಆಕೆ ಕುರ್ಚಿಯಲ್ಲಿ ಕೂತು ತೋರಿಸುತ್ತಿದ್ದಳು.

ಹೊತ್ತು ಮುಳುಗುವಾಗ ಮತ್ತೆ ಬಾನೆಟ್ ಎತ್ತಿದ. ವೈರುಗಳ ಮೇಲಿನ ಕೊಳೆ ಒರೆಸಿ, ಅಂಕಿ ನೋಡಿ, ಸರಿಯಾಗಿ ಸಿಕ್ಕಿಸಿದ. ಎಂಜಿನ್ ಹೊರಟಿತು, ಆದರೆ ಅದೇ ನಡುಕ. ಟಾರ್ಚು ಹಿಡಿದಿದ್ದ ಹೆಂಡತಿಯ ಕೈ ಸೋತು ಬೆಳಕು ಅತ್ತ ಸರಿದು ಎಂಜಿನ್ ಕತ್ತಲಾಯಿತು.

"ರೀ, ಅಲ್ಲೇನೋ ನೀಲಿಯಾಗಿ ಮಿಂಚ್ತು!"

ಮೂರನೆಯ ವೈರು ಸೀಳಿತ್ತು. ಕಿಡಿ ಪ್ಲಗ್ಗಿಗೆ ಹೋಗದೆ ಪಕ್ಕದ ಕಬ್ಬಿಣಕ್ಕೆ ಹಾರುತ್ತಿತ್ತು. ಗುಮಾಸ್ತ ಓಡಿಹೋಗಿ, ಬಾಗಿಲು ಎಳೆಯುತ್ತಿದ್ದ ಬಿಡಿಭಾಗದ ಅಂಗಡಿಯವನ ಕೈಕಾಲು ಹಿಡಿದು ಹೊಸ ವೈರು ತಂದು ಹಾಕಿದ. ಎಂಜಿನ್ ಹೊಟ್ಟೆ ತುಂಬಿದ ಮಗುವಿನಂತೆ ಸುಮ್ಮನೆ ಗುನುಗತೊಡಗಿತು. ಹೆಂಡತಿ ಅವನ ಮೂಗಿನ ಮೇಲಿನ ಮಸಿ ಒರೆಸಿದಳು. ಅವಳು ಹಾಗೆ ನಕ್ಕದ್ದನ್ನು ಅವನು ನೋಡಿ ಬಹಳ ಕಾಲವಾಗಿತ್ತು.

ನಾದಿನಿಯ ಮನೆ ಮುಂದೆ ಕಾರು ನಿಂತಾಗ, ಊಟಕ್ಕೆ ಮೊದಲೇ ಬಂದಿದ್ದ ಮಾವನವರು ಬಾಗಿಲಿಗೇ ಬಂದರು. ಕಿವಿಗೊಟ್ಟರು. ಮುಖ ಅರಳಿತು.

"ಮಿಸ್ಸಿಂಗ್ ಹೋಯ್ತಾ?"

"ಹೋಯ್ತು ಮಾವ. ನಾನೇ..."

"ಭೇಷ್!" ಎಂದವರೇ ಅವನ ಕೈಯಿಂದ ಕೀ ತೆಗೆದುಕೊಂಡು ಷಡ್ಡಕನತ್ತ ಚಾಚಿದರು. "ತಗೊಳ್ಳಿ. ರಿಪೇರಿ ಆದ್ಮೇಲೆ ಕೊಡಿ ಅಂದಿದ್ರಲ್ಲ." ಆಮೇಲೆ ಹಿರಿಯ ಅಳಿಯನ ಬೆನ್ನು ತಟ್ಟಿದರು. "ಇಲ್ಲಿ ನಿಲ್ಲಿಸಿದ್ರೆ ಅಂಗಳ ಹಾಳಾಗೋದು. ನಿಮ್ಮನೆ ಮುಂದೆ ಜಾಗ ಇತ್ತು, ಪುಣ್ಯ."

ಊಟ ಮುಗಿಯಿತು. ಹೊರಡುವಾಗ ಷಡ್ಡಕ ದೊಡ್ಡ ಮನಸ್ಸು ಮಾಡಿ ಇಬ್ಬರನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿ ಬಸ್ ಸ್ಟಾಪಿನವರೆಗೆ ಬಿಟ್ಟ. ಇಳಿದ ಮೇಲೆ ಗಾಜು ಇಳಿಸಿ ತಲೆ ಹೊರಗೆ ಹಾಕಿದ.

"ಭಾವ, ಬ್ರೇಕ್ ಯಾಕೋ ಕಿರ್ ಅಂತಿದೆ. ಬರೋ ಭಾನುವಾರ ಬಿಡುವಾಗಿದೀರಾ?"

"ಇದೀನಿ" ಎಂದು ಗುಮಾಸ್ತನ ಬಾಯಿಂದ ಅಭ್ಯಾಸಬಲದಿಂದ ಬಂದೇಬಿಟ್ಟಿತು.

ಹೆಂಡತಿ ಅವನನ್ನೊಮ್ಮೆ ನೋಡಿ, ತಂಗುದಾಣದ ಆ ತುದಿಗೆ ಹೋಗಿ ನಿಂತಳು.