ಆನೆಮರಿಗೆ ಪರ್ಮಿಷನ್ನು

ನಮ್ಮ ಸೋದರತ್ತೆಯ ಬಗ್ಗೆ ಬರೆಯಲು ಅವರಿಂದಲೇ ಲಿಖಿತ ಅನುಮತಿ ಪಡೆದಿದ್ದೇನೆ. ಹೆಸರು ಹಾಕಲು ಮಾತ್ರ ಸಿಕ್ಕಿಲ್ಲ! ಮೂರು ವರ್ಷದ ಮಕ್ಕಳಿಗೆ ಕಾರ್ಟೂನ್ ತೋರಿಸುವುದಕ್ಕೆ ಸ್ಪೀಡ್ ಪೋಸ್ಟಿನಲ್ಲಿ ಪರ್ಮಿಷನ್ ಕೇಳಿದ ಹೆಂಗಸು ಹಾಸನ ಜಿಲ್ಲೆಯಲ್ಲಿ ಇವರೊಬ್ಬರೇ ಎಂದು ಎದೆ ತಟ್ಟಿ ಹೇಳಬಲ್ಲೆ.

ದುದ್ದದಲ್ಲಿ ಅತ್ತೆಯದೊಂದು ಶಿಶುವಿಹಾರ. ಮನೆಯ ಹಜಾರವೇ ತರಗತಿ, ಹದಿನೇಳು ಮಕ್ಕಳು, ಒಂದು ಟಿವಿ. ಎಲ್ಲ ಸುಖವಾಗಿಯೇ ಇತ್ತು, ಅತ್ತೆ ಹಾಸನದಲ್ಲೊಂದು ತರಬೇತಿಗೆ ಹೋಗಿಬರುವವರೆಗೆ! ಮನೆಯಲ್ಲಿ ನೋಡಲೆಂದು ಕೊಂಡ ಸಿನಿಮಾವನ್ನು ಹತ್ತು ಜನರನ್ನು ಸೇರಿಸಿ ತೋರಿಸಬೇಕಾದರೆ ಮಾಡಿದವರ ಲೈಸೆನ್ಸ್ ಬೇಕು ಎಂದು ಅಲ್ಲಿ ಯಾರೋ ಹೇಳಿದರಂತೆ. ಬಂದವರೇ ರಿಮೋಟನ್ನು ರಾಗಿ ಡಬ್ಬದೊಳಗೆ ಹೂತರು.

ಆಮೇಲೆ ಶುರುವಾಯಿತು ನೋಡಿ! ಎದುರುಮನೆ ಅಜ್ಜಿಯಿಂದ ಕಲಿತ ಕಾಗೆ ಹಾಡನ್ನು ಮಕ್ಕಳಿಗೆ ಹೇಳಿಕೊಡಬೇಕೆಂದು ಅಜ್ಜಿಯ ಹೆಬ್ಬೆಟ್ಟು ಒತ್ತಿಸಿಕೊಂಡರು. "ಯವ್ವಾ, ಇದು ಒಲದ ಪತ್ರ ಅಲ್ಲ ತಾನೇ?" ಎಂದು ಅಜ್ಜಿ ಮೂರು ಸಲ ಕೇಳಿತು.

ತಡೆಯಲಾರದೆ ಅತ್ತೆಯನ್ನು ಹಾಸನದ ವಕೀಲರೊಬ್ಬರ ಹತ್ತಿರ ಕರೆದೊಯ್ದೆ.

"ಶಾಲೆಯವರು ತಮ್ಮ ಮಕ್ಕಳಿಗೆ ತೋರಿಸೋಕೆ ಕಾನೂನಲ್ಲಿ ವಿನಾಯಿತಿ ಇದೆ ಅಮ್ಮಾ," ಎಂದರು ವಕೀಲರು.

"ಅಂಗಾರೆ ನಂದು ಶಾಲೆನೋ ಮನೆನೋ, ಸಾ?"

ವಕೀಲರು ಕನ್ನಡಕ ತೆಗೆದರು, ಹಾಕಿದರು, ಕಾಫಿ ತರಿಸಿದರು. ಅತ್ತೆ ನನ್ನತ್ತ ತಿರುಗಿ, "ಕಾನೂನು ಅತ್ಲಾಗಿರ್ಲಿ ಕಣ್ಲಾ. ಮಾಡ್ದೋರ್ನ ಒಂದು ಮಾತು ಕೇಳೋದ್ ಬ್ಯಾಡ್ವಾ?" ಎಂದರು.

ಸರಿ, ಆನೆಮರಿಯ ಕಾರ್ಟೂನ್ ಚಿತ್ರ ಮಾಡಿದ ಕಂಪನಿಗೆ ಪತ್ರ ಹೋಯಿತು. ಕೆಳಗೆ ಹದಿನೇಳು ಮಕ್ಕಳ ಸಹಿ, ಅಂದರೆ ಹದಿನೇಳು ಬಣ್ಣದ ಗೀಚು! ಶನಿವಾರ ಸಿನಿಮಾ ಎಂದು ಅತ್ತೆ ಮಕ್ಕಳಿಗೆ ಮಾತನ್ನೂ ಕೊಟ್ಟುಬಿಟ್ಟರು. ಪೋಸ್ಟ್‌ಮ್ಯಾನ್ ತಿರುವಿನಲ್ಲಿ ಕಂಡರೆ ಸಾಕು, "ಆನೆ ಬಂತಾ?" ಎಂದು ಇಡೀ ಶಿಶುವಿಹಾರ ಕೂಗುತ್ತಿತ್ತು. ಪಾಪ, ಆತ ಬೇರೆ ಬೀದಿ ಹಿಡಿದು ಓಡಾಡತೊಡಗಿದ.

ಶನಿವಾರ ಬಂತು, ಉತ್ತರ ಬರಲಿಲ್ಲ. ಮಕ್ಕಳು ಹಬ್ಬದ ಬಟ್ಟೆ ತೊಟ್ಟು ಟಿವಿ ಮುಂದೆ ಕೂತಿದ್ದವು. ಒಂದೆರಡು ತುಟಿಗಳು ಆಗಲೇ ಅಳುವುದಕ್ಕೆ ಸಿದ್ಧವಾಗಿದ್ದವು.

"ಹಾಕ್ಬಿಡಿ ಅತ್ತೆ, ಯಾರಿಗೆ ಗೊತ್ತಾಗುತ್ತೆ?" ಎಂದೆ.

"ನಂಗೆ ಗೊತ್ತಾಯ್ತದಲ್ಲಾ, ಲೇ!"

ಅಷ್ಟಂದವರೇ ಬೂದು ಕಂಬಳಿ ಹೊದ್ದು, ತೋಳನ್ನು ಸೊಂಡಿಲು ಮಾಡಿಕೊಂಡು, ಟಿವಿಗೆ ಬೆನ್ನು ಹಾಕಿ ನಿಂತರು. ಸಿನಿಮಾದ ಕಥೆಯಲ್ಲ ಸ್ವಾಮಿ, ಸ್ವಂತದ್ದು! ಆಲೂಗಡ್ಡೆ ಲಾರಿ ಹತ್ತಿ ಹಾಸನದ ಸಂತೆಗೆ ಹೋಗಿ ದಾರಿ ತಪ್ಪಿದ ಆನೆಮರಿಯ ಕಥೆ. ಆನೆ ಲಾರಿಯಿಂದ ಜಾರಿ ಬಿದ್ದಾಗ ಅತ್ತೆಯೂ ಧೊಪ್ಪನೆ ಬಿದ್ದರು. ಮಕ್ಕಳು ನಕ್ಕು ನಕ್ಕು ಉರುಳಾಡಿದವು.

ಮುಗಿದ ಮೇಲೆ, ಎಂದೂ ಬಾಯಿಬಿಡದ ಪುಟ್ಟ ಹುಡುಗಿಯೊಬ್ಬಳು ಬಂದು ಅತ್ತೆಯ ಸೆರಗು ಜಗ್ಗಿದಳು. "ಮಿಸ್, ಈ ಕತೆ ನಮ್ಮವ್ವಂಗೆ ಏಳ್ಲಾ?"

"ಏಳವ್ವಾ, ಏಳು," ಎಂದ ಅತ್ತೆಯ ಕಣ್ಣು ತುಂಬಿತ್ತು.

ನನ್ನ ನಗು ಮಾತ್ರ ಅಲ್ಲೇ ನಿಂತಿತು. ಆ ಕಥೆಯನ್ನು ನಾನು ಚಿಕ್ಕಂದಿನಲ್ಲಿ ಅವರ ಮಡಿಲಲ್ಲೇ ಕೇಳಿದ್ದೆ. ಹೈಸ್ಕೂಲಿನ ಕಥಾಸ್ಪರ್ಧೆಯಲ್ಲಿ ನನ್ನದೇ ಎಂದು ಓದಿ ಮೊದಲ ಬಹುಮಾನವನ್ನೂ ಹೊಡೆದಿದ್ದೆ. ಅವರನ್ನು ಒಂದು ಮಾತು ಕೇಳಿರಲಿಲ್ಲ. ಬಹಳ ನಾಚಿಕೆಯಾಯಿತು. ಮಕ್ಕಳೆಲ್ಲ ಹೋದಮೇಲೆ ತಲೆ ತಗ್ಗಿಸಿಕೊಂಡೇ ಹೇಳಿದೆ.

"ಗೊತ್ತು ಕಣ್ಲಾ," ಎಂದರು ಅತ್ತೆ, ಕಂಬಳಿ ಮಡಿಸುತ್ತಾ. "ಅವತ್ತು ನಾನೂ ಬಂದಿದ್ದೆ, ಕಡೇ ಬೆಂಚಲ್ಲಿ ಕೂತಿದ್ದೆ. ಚಪ್ಪಾಳೆ ಒಡ್ದೂ ಒಡ್ದೂ ನನ್ ಕೈಯೆಲ್ಲಾ ಕೆಂಪಗಾಗಿತ್ತು."