ವಾಪಸಾತಿ ವಿಳಾಸ

ಮೈಸೂರಿನ ಉದ್ಯಾನ ಬೆಂಚುಗಳ ನಿರ್ವಹಣಾ ಮಂಡಳಿಯಿಂದ ಹೊರಟ ಒಂದೇ ಒಂದು ಇ-ಮೇಲ್ ಕೂಡ ಕಳೆದ ಆರು ತಿಂಗಳಲ್ಲಿ ಕಚೇರಿಗೆ ವಾಪಸ್ ಬಂದಿಲ್ಲ. ಈ ಸಾಧನೆಗೆ ದ್ವಿತೀಯ ದರ್ಜೆ ಸಹಾಯಕ ವಾಗೀಶನೇ ಕಾರಣನೆಂದು ಮಂಡಳಿಯು ಲಿಖಿತವಾಗಿ ಒಪ್ಪಿಕೊಂಡಿದೆ.

ಹೊಸ ವೆಬ್‌ಮೇಲ್ ಬಂದ ದಿನ ಪರದೆಯ ಮೇಲೆ ಎರಡು ಖಾಲಿ ಚೌಕಗಳಿದ್ದವು. 'ಕಳುಹಿಸುವವರ ವಿಳಾಸ'ದ ಚೌಕವನ್ನು ಅಧೀಕ್ಷಕ ರುದ್ರಸ್ವಾಮಿಯವರು ತಮ್ಮ ಹೆಸರು, ಪದನಾಮ, ಪದವಿಗಳಿಂದ ಸಂತೋಷವಾಗಿ ತುಂಬಿಸಿದರು. ತಲುಪದ ಪತ್ರ ಹಿಂದಿರುಗಬೇಕಾದ 'ವಾಪಸಾತಿ ವಿಳಾಸ'ಕ್ಕೆ ಮಾತ್ರ ಯಾರೂ ಮುಂದೆ ಬರಲಿಲ್ಲ. ಪತ್ರ ಯಾರಿಗೆ ವಾಪಸ್ ಬರುತ್ತದೋ ಅವರೇ ವಿವರಣೆ ಬರೆಯಬೇಕೆಂಬ ಸುತ್ತೋಲೆಯಿತ್ತು. ಟಪಾಲು ವಿಭಾಗದ ಗಿರಿಜಾಂಬಾ ಅವರು ಅರ್ಧ ದಿನ ರಜೆ ಹಾಕಿ ಎದ್ದುಹೋದರು. ಚೌಕ ಖಾಲಿ ಬಿಡೋಣವೆಂದರೆ ಯಂತ್ರ ಒಪ್ಪಲಿಲ್ಲ.

"ಸಾರ್, ಪತ್ರ ತಲುಪಲಿಲ್ಲ ಅಂದ್ರೆ ತೊಂದ್ರೆ ಯಾರಿಗೆ? ಪಡೀಬೇಕಾದವ್ರಿಗೆ ತಾನೆ? ಅವ್ರ ವಿಳಾಸನೇ ಹಾಕ್ಬುಡಣ," ಎಂದ ವಾಗೀಶ.

ರುದ್ರಸ್ವಾಮಿಯವರ ಕಣ್ಣು ತುಂಬಿ ಬಂತು. ಅಂದೇ ನಿಯಮ ೧೪(ಬಿ) ಹೊರಟಿತು: 'ಪತ್ರವು ತಲುಪದಿದ್ದಲ್ಲಿ, ತಲುಪಿಲ್ಲವೆಂಬ ಸಂದೇಶವನ್ನು ಪತ್ರ ತಲುಪದ ವಿಳಾಸಕ್ಕೇ ಕಳುಹಿಸತಕ್ಕದ್ದು. ವಿಳಾಸದ ತಿದ್ದುಪಡಿ ಕೋರುವವರು ಸದರಿ ಸಂದೇಶವನ್ನು ಲಗತ್ತಿಸತಕ್ಕದ್ದು.'

ವಾಗೀಶನ ಮನೆ ಹೂಟಗಳ್ಳಿಯಲ್ಲಿ. ಹೆಂಡತಿ ಲಾಸ್ಯಳಿಗೆ ಕಾರ್ಖಾನೆಯಲ್ಲಿ ಎರಡನೇ ಪಾಳಿ. ಒಂದನೇ ಕ್ಲಾಸಿನ ಮಗಳು ಸಿಂಚನ ಸ್ಕೂಲ್ ವ್ಯಾನ್ ಇಳಿದವಳೇ ಪಕ್ಕದ ಮನೆ ಮಹದೇವಮ್ಮನ ಮೆಟ್ಟಿಲ ಮೇಲೆ ಬ್ಯಾಗು ತಬ್ಬಿಕೊಂಡು ಕೂರುತ್ತಾಳೆ. ಒಳಗೆ ಕರೆದರೂ ಹೋಗುವುದಿಲ್ಲ, ಅಪ್ಪನ ಬಸ್ಸು ಕಾಣುವುದಿಲ್ಲವಂತೆ. ಹಾಗಾಗಿ ವಾಗೀಶ ಮನೆ ಹತ್ತಿರದ ಹೂಟಗಳ್ಳಿ ಶಾಖೆಗೆ ವರ್ಗ ಕೇಳಿದ್ದ.

"ಆರ್ಡರ್ ಆಗಿದೆ ಕಣಯ್ಯ, ಸೋಮವಾರವೇ ನಿಂಗೆ ಮೇಲ್ ಕಳ್ಸಿದ್ದೀನಿ. ಏಳು ದಿನದೊಳಗೆ ಅದನ್ನ ತೋರಿಸಿ ಅಲ್ಲಿ ಹಾಜರಾಗು, ಇಲ್ದಿದ್ರೆ ರದ್ದು," ಎಂದರು ರುದ್ರಸ್ವಾಮಿಯವರು.

"ಬಂದಿಲ್ವಲ್ಲ ಸಾರ್." ವಾಗೀಶ ಬಗ್ಗಿ ಅವರ ಪರದೆ ನೋಡಿದ. ಅವನ ಇ-ಮೇಲ್ ವಿಳಾಸದಲ್ಲಿ, ಇಂಗ್ಲಿಷಿನ 'ಗೀ'ಗೆ ಬೇಕಾದ ಎರಡು 'ಇ'ಗಳಲ್ಲಿ ಒಂದು ಬಿದ್ದುಹೋಗಿತ್ತು. "ಸಾರ್, ನನ್ನೆಸ್ರಿನ ದೀರ್ಘ ಬಿಟ್ಟೋಗದೆ. ತಿದ್ದಿ ಇನ್ನೊಂದ್ಸಲ ಕಳ್ಸಿ ಸಾರ್."

"ಅದಕ್ಕೇನಂತೆ? ತಲುಪಿಲ್ಲ ಅಂತ ಸಂದೇಶ ಬಂದಿರುತ್ತಲ್ಲ, ಲಗತ್ತಿಸಿ ಅರ್ಜಿ ಕೊಡು."

"ಅದೂ ಆ ತಪ್ಪು ವಿಳಾಸಕ್ಕೇ ಹೋಗಿರ್ತದೆ ಸಾರ್!"

"ಹೌದಪ್ಪ, ನೀನೇ ಹೇಳಿದ್ದಲ್ವಾ?" ಎಂದರು ಅವರು ಪ್ರೀತಿಯಿಂದ.

"ಒಂದ್ ಪ್ರಿಂಟು ತೆಗ್ದು ಕೈಗೇ ಕೊಟ್ಬುಡಿ ಸಾರ್."

"ನಮ್ಮದು ಕಾಗದರಹಿತ ಕಚೇರಿ ಕಣಯ್ಯ."

ಏಳನೇ ದಿನ ಆದೇಶ ರದ್ದಾಯಿತು. ರದ್ದತಿಯ ಪತ್ರವೂ ಅದೇ ವಿಳಾಸಕ್ಕೆ ಹೋಯಿತು. ಮರುದಿನ ಶೂನ್ಯ ವಾಪಸಾತಿಯ ಸಾಧನೆಗಾಗಿ ವಾಗೀಶನಿಗೆ ಶಾಲು ಹೊದಿಸಿ, ಪೇಟ ತೊಡಿಸಲಾಯಿತು. ಗಿರಿಜಾಂಬಾ ಅವರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ಪೇಟವನ್ನು ಕಂಕುಳಲ್ಲಿಟ್ಟುಕೊಂಡು ಅವನು ಬಸ್ಸಿಳಿದಾಗ ಏಳು ಗಂಟೆ. ಸಿಂಚನ ಮೆಟ್ಟಿಲ ಮೇಲೇ ಇದ್ದಳು.

"ಅಪ್ಪಾ, ಇಲ್ಲಿನ ಆಫೀಸ್‌ಗೆ ಬರಕ್ಕೆ ಲೆಟರ್ ಬಂತಾ?"

"ಇಲ್ಲ ಕಣಮ್ಮ."

"ಬರಲ್ಲ ಅಂತ ಲೆಟರ್ ಬಂತಾ?"

"ಅದೂ ಬಂದಿಲ್ಲ."

"ಹಂಗಾದ್ರೆ ಬಂದೇ ಬರ್ತದೆ ಬುಡು," ಎಂದು ಅವಳು ಪೇಟ ಕಿತ್ತುಕೊಂಡು ತನ್ನ ತಲೆಗಿಟ್ಟುಕೊಂಡಳು. ವಾಗೀಶ ಹೌದೆಂದು ತಲೆಯಾಡಿಸಿದ.

ಮರುದಿನದಿಂದ ಮಹದೇವಮ್ಮ ಮೆಟ್ಟಿಲ ಮೇಲೆ ಒಂದು ಚಾಪೆ ಹಾಸಿಡತೊಡಗಿದರು.