ಕೈಗೆ ಬಾರದ ಇಲಿ

ಶಲವಡಿಯ ಟೇಲರ್ ಈರೇಶ ಹೇಳಿದ್ದು ದೊಡ್ಡ ಸುಳ್ಳೇನಲ್ಲ. ಒಂದು ಇಲಿಯಷ್ಟಿತ್ತು, ಅಷ್ಟೆ.

ಕುಂದಗೋಳದ ದನದ ದವಾಖಾನೆಯಲ್ಲಿ ಕೆಲಸ ಮಾಡುವ ರೋಹಿಣಿಯ ಸಂಬಂಧ ಕೂಡಿಬರುವಂತಿತ್ತು. ಫೋಟೋ ನೋಡಿಯೇ ಈರೇಶ ಒಪ್ಪಿದ್ದ. ಫೋನಿನಲ್ಲಿ ಅವಳ ದನಿ ಕೇಳಿದ ಮೇಲಂತೂ ಸೂಜಿಗೆ ದಾರ ಪೋಣಿಸುವುದೂ ಅವನಿಗೆ ಕಷ್ಟವಾಗಿತ್ತು. ಊರಿನ ಮದುವೆಗಳಿಗೆಲ್ಲ ಸೂಟು ಹೊಲಿದು, ತನ್ನ ಸೂಟಿಗೆ ಅಳತೆ ತೆಗೆಯುವ ಕಾಲ ಬಾರದೆ ಕೂತಿದ್ದ ಗಂಡು ಅವನು. ಅಂಥವನ ಮೊಬೈಲಿನಲ್ಲಿ ಒಂದು ಸೋಮವಾರ ರೋಹಿಣಿಯ ಸ್ಟೇಟಸ್ ಕಾಣಿಸಿತು. ಅವಳ ಓಢಣಿಯಲ್ಲಿ ಮುಖ ಹುದುಗಿಸಿಕೊಂಡ ಒಂದು ಬಿಳಿ ಇಲಿ. ಕೆಳಗೆ 'ನನ್ನ ಜೀವ' ಎಂಬ ಎರಡು ಮಾತು. ಪಕ್ಕದಲ್ಲಿ, ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದ ಒಂದು ಹಳದಿ ಮುಖ.

ಹುಡುಗಿಯ ಮನಸ್ಸಿಗೆ ಹೋಗುವ ದಾರಿ ಸಿಕ್ಕಿತು ಎಂದುಕೊಂಡ ಈರೇಶ. ಮರುದಿನ ಫೋನಿನಲ್ಲಿ ಅದೂ ಇದೂ ಮಾತಾಡುತ್ತ, "ನಮ್ಮನ್ಯಾಗ ಒಂದು ಬಿಳಿ ಇಲಿ ಐತ್ರಿ. ಎರಡು ವರ್ಷ ಆತು ಸಾಕಿ. ನನ್ನ ಕೈಯಾಗಿಂದನ ತಿಂತೈತಿ, ಬ್ಯಾರೆಯವರು ಕೊಟ್ರ ಮೂಸೂದೂ ಇಲ್ಲ," ಅಂದುಬಿಟ್ಟ.

ರೋಹಿಣಿ, "ಖರೇನ ಏನ್ರಿ? ಹಂಗಾರ ಐತವಾರ ಮಾಮಾನ್ನ ಕರಕೊಂಡು ನಿಮ್ಮ ಮನಿ ನೋಡಾಕ ಬರ್ತೀನ್ರಿ. ಇಲಿನ್ನೂ ತೋರಸ್ರಿ," ಅಂದಳು.

ಶನಿವಾರ ಗಣಪತಿ ಹಬ್ಬ. ಮನೆಯಲ್ಲಿ ಗಣಪನನ್ನು ಕೂರಿಸಿದ ಈರೇಶ, ಅವನ ವಾಹನ ತರಲು ಹುಬ್ಬಳ್ಳಿಯ ಬಸ್ಸು ಹತ್ತಿದ. ಮೀನು, ಗಿಳಿ ಮಾರುವ ಒಂದು ಅಂಗಡಿಯಲ್ಲಿ ಇದ್ದದ್ದು ಒಂದೇ ಬಿಳಿ ಇಲಿ. ಅದೂ ಪಂಜರದ ಮೂಲೆಯಲ್ಲಿ, ಬೈಸಿಕೊಂಡ ಮಗುವಿನ ಹಾಗೆ ಬೆನ್ನು ತಿರುಗಿಸಿ ಕೂತಿತ್ತು.

"ಅಗದಿ ನಾಚಿಕಿ ಇದಕ್ಕ," ಅಂದ ಅಂಗಡಿಯವನು. "ಬಂದಾಗಿಂದ ಸರಿಯಾಗಿ ತಿನ್ನವಲ್ದು. ಮ್ಯಾಲಿಂದ ಕೈ ಹಾಕಿ ಹಿಡೀಬ್ಯಾಡ್ರಿ, ಅಂಜತೈತಿ. ನೀವು ತೊಟ್ಟ ಅರಿವಿ ಒಳಗ ಹಾಕ್ರಿ, ನಿಮ್ಮ ವಾಸನಿ ರೂಢಿ ಆಗಲಿ. ಅಂಗೈಯಾಗ ಶೇಂಗಾ ಹಿಡಕೊಂಡು ಸುಮ್ನ ಕುಂದರ್ರಿ. ತಾನಾಗೇ ಬರತೈತಿ."

"ಯಾವಾಗ ಬರತೈತ್ರಿ?"

"ಹದಿನೈದು ದಿನಾ, ತಿಂಗಳಾ."

"ನಾಳೆ ಸಂಜಿಕ ಬರೂ ಹಂಗ ಏನರ ಮಾಡಾಕ ಬರತೈತೇನ್ರಿ?"

ಅಂಗಡಿಯವನು ಅವನ ಮುಖವನ್ನೊಮ್ಮೆ ನೋಡಿ, ಪಂಜರ ಕೈಗಿಟ್ಟ.

ಗಣಪತಿ ಹಬ್ಬದ ಮರುದಿನ ಇಲಿವಾರ. ಅವತ್ತು ಇಲಿಗೆ ಎಡೆ ಇಡಬೇಕು, ಕತ್ತರಿ ಮುಟ್ಟಬಾರದು. ಮುಟ್ಟಿದರೆ ಇಲಿಗಳು ವರ್ಷವಿಡೀ ಬಟ್ಟೆ ಕಡಿದು ಸೇಡು ತೀರಿಸಿಕೊಳ್ಳುತ್ತವೆ ಎಂದು ಊರಿನ ನಂಬಿಕೆ. ಈರೇಶನ ಅವ್ವ ಕಸ್ತೂರೆವ್ವ ಉಳಿದ ದಿನಗಳಲ್ಲಿ ಇಲಿ ಕಂಡರೆ ಕಸಬರಿಗೆ ಹಿಡಿದು ಓಣಿಯವರೆಗೂ ಬೆನ್ನಟ್ಟುವ ಹೆಂಗಸು. ಆಕೆಯೂ ಅವತ್ತು ಮುಂಜಾನೆ ಪಂಜರಕ್ಕೆ ಕೈಮುಗಿದು, "ಇವತ್ತೊಂದ ದಿನ ಇರಪಾ. ಹೊತ್ತು ಮುಳುಗಿದ ಮ್ಯಾಲೆ ನಿಂದೂ ನಂದೂ ಐತಿ," ಅಂದಳು.

ಮನೆಯ ಮುಂದಿನ ಕೋಣೆಯೇ ಹೊಲಿಗೆ ಅಂಗಡಿ. ಈರೇಶ ಮಷಿನ್ನಿನ ಮೇಲೆ ಪಂಜರವಿಟ್ಟು, ಬಾಗಿಲು ತೆರೆದು, ಅಂಗೈಯಲ್ಲಿ ಶೇಂಗಾ ಇಟ್ಟುಕೊಂಡು ಕೂತ. ಇಲಿ ಬೆನ್ನು ತಿರುಗಿಸಿಯೇ ಇತ್ತು.

"ನಿನಗ ಏನೂ ಕಮ್ಮಿ ಮಾಡೂದಿಲ್ಲ," ಎಂದು ಈರೇಶ ಪಿಸುಗುಟ್ಟಿದ. "ಇವತ್ತ ಒಮ್ಮೆ ಆಕಿ ಮುಂದ ಕೈಗೆ ಬಾ. ಆಮ್ಯಾಲೆ ಬೇಕಾರ ವರ್ಷಗಟ್ಲೆ ನಾಚಿಕೊ."

ಇಲಿ ಕಿವಿಯನ್ನೂ ಅಲುಗಿಸಲಿಲ್ಲ. ಅಂಗಡಿಯವನ ಮಾತು ನೆನಪಾಗಿ ಈರೇಶ ಮೈಮೇಲಿನ ಬನಿಯನ್ ಬಿಚ್ಚಿದ. ಇಡೀ ಬನಿಯನ್ ಪಂಜರದಲ್ಲಿ ಹಿಡಿಯಲಿಲ್ಲ. ಟೇಲರನ ಕೈ, ಕೇಳಬೇಕೆ, ತಾನಾಗಿ ಕತ್ತರಿಗೆ ಹೋಯಿತು. ಒಂದು ತುಂಡು ಕತ್ತರಿಸಿ ಒಳಗೆ ಹಾಕುವುದಕ್ಕೂ ಬಾಜೂ ಮನೆಯ ದೇವಕ್ಕ ಮಜ್ಜಿಗೆ ಕೇಳಲು ಬರುವುದಕ್ಕೂ ಸರಿಹೋಯಿತು.

"ಅಯ್ಯ ಇವನ, ಇಲಿವಾರದಾಗ ಕತ್ತರಿ ಹಿಡದಿಯಲ್ಲೋ!"

"ಮೆಲ್ಲಗ ಮಾತಾಡಬೇ. ಅಂಜತೈತಿ."

ಯಾವುದು ಅಂಜುತ್ತದೆ ಎಂದು ದೇವಕ್ಕ ಬಗ್ಗಿ ನೋಡಿದಳು. ನೋಡಿದವಳೇ ಮಜ್ಜಿಗೆಯ ಚರಿಗೆ ಕೆಳಗಿಟ್ಟು ಕೈಮುಗಿದಳು. "ಬೆಳ್ಳಿ ಹಂಗ ಬೆಳ್ಳಗೈತಲ್ಲೋ. ಕಿವಿ ಮ್ಯಾಲೆ ನೋಡು, ಬಟ್ಟು ಇಟ್ಟಂಗ ಕರೀ ಚುಕ್ಕಿ. ಇಲಿವಾರದ ದಿನಾನ ನಿಮ್ಮನಿಗೆ ಬಂದೈತಿ ಅಂದ್ರ ಇದು ಬರೇ ಇಲಿ ಅಲ್ಲ."

"ಬರೇ ಇಲಿನ ಐತಿ. ರೊಕ್ಕಾ ಕೊಟ್ಟು ತಂದೀನಿ."

ಅಷ್ಟರಲ್ಲಿ ದೇವಕ್ಕ ಓಣಿಯ ಆ ತುದಿಯಲ್ಲಿದ್ದಳು.

ಹೊತ್ತು ಏರುವಷ್ಟರಲ್ಲಿ ಅಂಗಡಿಯ ಮುಂದೆ ಚಪ್ಪಲಿಗಳ ರಾಶಿ ಬಿತ್ತು. ಕಡಬು ಬಂದವು, ಊದಿನಕಡ್ಡಿ ಬಂದವು, ಅರಿಷಿಣ ಕುಂಕುಮ ಪಂಜರದ ಸರಳಿನ ಸಂದಿಯಿಂದ ಒಳಗೇ ಬಂದವು. ಬಿಳಿ ಇಲಿ ನೋಡನೋಡುತ್ತ ಗುಲಾಬಿಯಾಯಿತು, ಸೀನಿತು. ಸೀನಿದ್ದನ್ನು ಕಂಡು ಒಬ್ಬಾಕೆ ಇನ್ನು ಮಗಳ ಹೆರಿಗೆ ಸುಸೂತ್ರವಾದಂತೆಯೇ ಎಂದು ಕಣ್ಣೊರೆಸಿಕೊಂಡಳು. "ಮಂದಿ ಕಂಡ್ರ ಅಂಜತೈತ್ರಿ, ಹೋಗ್ರಿ ಎಲ್ಲಾರೂ," ಎಂದು ಈರೇಶ ಅಂಗಲಾಚಿದಷ್ಟೂ, ದೇವರನ್ನು ಒಬ್ಬನೇ ಇಟ್ಟುಕೊಳ್ಳುವ ಆಸೆಬುರುಕ ಎಂಬ ಹೆಸರು ಬಂತು.

ಗಿರಣಿಯ ಜಹೀರುದ್ದೀನ ಕಾಕಾ ಒಬ್ಬರೇ ಕೈಮುಗಿಯದೆ ಬಂದವರು. "ನಮ್ಮ ಗಿರಣ್ಯಾಗ ಲೆಕ್ಕಿಲ್ಲದಷ್ಟು ಅದಾವ, ಒಂದಕ್ಕೂ ಯಾರೂ ಕಡಬು ತರಲಿಲ್ಲ," ಎಂದು ಪಂಜರ ನೋಡಿದರು. ಈರೇಶನ ಸಂಕಟವೆಲ್ಲ ಕೇಳಿಕೊಂಡು, "ನಿನ್ನ ವಾಸನಿ ಅದಕ ಏನ್ ಮಾಡಬೇಕಪಾ? ಇಲಿಗೆ ಬೇಕಾದ್ದು ಹಿಟ್ಟಿನ ವಾಸನಿ. ನನ್ನ ಅಂಗಿ ತೊಟ್ಕೊ," ಎಂದು ತಮ್ಮ ಅಂಗಿಯನ್ನೇ ಬಿಚ್ಚಿ ಕೊಟ್ಟರು.

ವರ್ಷಗಟ್ಟಲೆ ಗೋದಿ ಜೋಳ ಕುಡಿದ ಅಂಗಿ ಅದು. ತೊಟ್ಟು ಕೊಡವಿದ ಕೂಡಲೇ ಈರೇಶ ತಲೆಯಿಂದ ಸೊಂಟದವರೆಗೆ ಬೆಳ್ಳಗಾದ. ಕೈಗೆ ಬೆಲ್ಲ ಸವರಿಕೊಂಡು ಶೇಂಗಾ ಹಿಡಿದ. ಇಲಿ ಮೊದಲ ಸಲ ಈ ಕಡೆ ತಿರುಗಿತು. ಮೂಗು ಅಲುಗಿಸಿತು. ಒಂದು ಹೆಜ್ಜೆ ಇಟ್ಟಿತು. ಓಣಿಯೆಲ್ಲ ಉಸಿರು ಹಿಡಿದು ನಿಂತಿತು. ಇಲಿ ಇನ್ನೊಂದು ಹೆಜ್ಜೆ ಇಟ್ಟು, ಮೀಸೆಯನ್ನು ಅವನ ಬೆರಳಿಗೆ ತಾಗಿಸಿತು.

"ಪ್ರಸನ್ನ ಆತು!" ಎಂದು ದೇವಕ್ಕ ಹೊಸ್ತಿಲಿಗೆ ತೆಂಗಿನಕಾಯಿ ಒಡೆದಳು.

ಇಲಿ ಈರೇಶನ ತೋಳಿನ ಮೇಲೆ ಹಾರಿ, ತಲೆಯ ಮೇಲೆ ಹತ್ತಿ, ಅಲ್ಲಿಂದ ಹೊಲಿಗೆಗೆ ಬಂದ ಬಟ್ಟೆಗಳ ರಾಶಿಯೊಳಗೆ ಮಾಯವಾಯಿತು.

ಆಮೇಲೆ ನಡೆದ ಹುಡುಕಾಟವನ್ನು ಹೇಳಬಾರದು. ಇಲಿವಾರವಾದ್ದರಿಂದ ಇಲಿಯನ್ನು ಬೆನ್ನಟ್ಟುವಂತಿಲ್ಲ, ಗದರಿಸುವಂತಿಲ್ಲ. ಓಣಿಯ ಜನರೆಲ್ಲ ಮೊಣಕಾಲೂರಿ, ಕೈಮುಗಿದುಕೊಂಡೇ ಪ್ಯಾಂಟುಗಳ ಕೆಳಗೆ ಇಣುಕಿ, "ಬಾರಪಾ, ಬಾರಪಾ," ಎಂದು ಬೇಡಿಕೊಂಡರು. ಕಸ್ತೂರೆವ್ವ ಕಸಬರಿಗೆಯನ್ನು ಒಮ್ಮೆ ಹಿಡಿದು, ಸೂರ್ಯನನ್ನು ನೋಡಿ, ಮತ್ತೆ ಕೆಳಗಿಟ್ಟಳು. ಈರೇಶನಿಗೆ ನಿಜವಾಗಿಯೂ ಅಳು ಬಂತು. ಹಿಟ್ಟಿನ ಮೇಲೆ ಕಣ್ಣೀರು ಬಿದ್ದು ಮುಖ ಕಣಕವಾಯಿತು.

ಆಗ ಬಾಗಿಲ ಮುಂದೆ ಕಾರು ನಿಂತಿತು.

ರೋಹಿಣಿಯ ಮಾಮಾ ಈರಬಸಪ್ಪ ಮೊದಲು ಇಳಿದ. ಮೊಣಕಾಲೂರಿ ಕೈಮುಗಿದ ಮಂದಿಯನ್ನು ಕಂಡು, ಗಂಡಿನ ಮನೆ ನೋಡಲು ಬಂದವರಿಗೆ ಈ ಊರಿನಲ್ಲಿ ಇಷ್ಟು ಮರ್ಯಾದೆಯೇ ಎಂದು ತಾನೂ ಕೈಮುಗಿದ. ಹಿಂದೆ ರೋಹಿಣಿ. ಫೋಟೋಕ್ಕಿಂತ ಚೆನ್ನಾಗಿದ್ದಳು. ಈರೇಶ ಹಿಟ್ಟಿನ ಮುಖ ಎತ್ತಿ ಹಲ್ಲು ಕಿರಿದ.

"ಇಲಿ ಎಲ್ಲೈತ್ರಿ?" ಹೊಸ್ತಿಲಲ್ಲೇ ನಿಂತು ರೋಹಿಣಿ ಮೆಲ್ಲಗೆ ಕೇಳಿದಳು.

"ಐತ್ರಿ, ಇಲ್ಲೇ ಐತಿ. ಅಗದಿ ನಾಚಿಕಿರಿ ಅದಕ. ಎರಡು ವರ್ಷದಿಂದ ನನ್ನೊಬ್ಬನ್ನ ಬಿಟ್ಟು ಯಾರ ಹತ್ರಾನೂ ಹೋಗಿಲ್ಲ. ಹೊಸಬರ ದನಿ ಕೇಳಿದ್ರ ಹೊರಗ ಬರೂದ ಇಲ್ರಿ."

ಮಾತು ಮುಗಿದಿರಲಿಲ್ಲ. ಅರ್ಧ ಹೊಲಿದ ಒಂದು ಅಂಗಿಯ ತೋಳಿನಿಂದ ಗುಲಾಬಿ ಮೂಗೊಂದು ಹೊರಬಂತು. ಇಲಿ ರಾಶಿಯಿಂದ ಇಳಿದು, ಮಂದಿಯ ಕಾಲುಗಳ ನಡುವೆ ಓಡಿ, ರೋಹಿಣಿಯ ಸೀರೆಯ ನೆರಿಗೆ ಹಿಡಿದು ಹತ್ತಿ, ಹೆಗಲ ಮೇಲೆ ಕೂತು, ಅವಳ ಕಿವಿಯ ಹಿಂದೆ ಮುಖ ಹುದುಗಿಸಿತು. ಎಲ್ಲರೂ ಮತ್ತೊಮ್ಮೆ ಕೈಮುಗಿದರು.

"ಚುಕ್ಕಿ," ಅಂದಳು ರೋಹಿಣಿ. ಅವಳ ಕಣ್ಣು ತುಂಬಿತ್ತು. "ಮಾಮಾ, ನಮ್ಮ ಚುಕ್ಕಿ."

ಈರಬಸಪ್ಪ ಹತ್ತಿರ ಹೋಗಿ ಕಿವಿಯ ಮೇಲಿನ ಕಪ್ಪು ಚುಕ್ಕೆಯನ್ನು ನೋಡಿದ. "ಹೌದಲ್ಲೇ. ಇದನ್ನ ಮೊನ್ನೆ ಸೋಮವಾರ ನಾನ ಹುಬ್ಬಳ್ಳಿ ಅಂಗಡ್ಯಾಗ ಬಿಟ್ಟು ಬಂದೇನಿ. ಇವರ ಮನ್ಯಾಗ ಎರಡು ವರ್ಷದಿಂದ ಹೆಂಗಿತ್ತು?"

ಈರೇಶ ತೊದಲಿದ. "ಸ್ಟೇಟಸ್ದಾಗ ಇಲಿ ನೋಡಿ, ನಿಮಗ ಖುಷಿ ಆಗಲಿ ಅಂತ ಹೇಳಿದ್ನಿರಿ. ಆ ಮುಖ ನಗಾಕತ್ತಿತ್ತಲ್ರಿ."

"ಅದು ಅಳೂ ಮುಖ ರೀ," ಅಂದಳು ರೋಹಿಣಿ. "ಇಲಿ ಸಾಕಿದಾಕಿನ್ನ ಯಾರು ಮಾಡಿಕೊಂತಾರ ಅಂತ ಮಾಮಾ ಬಿಡಸಿದ್ರು. ಮರುದಿನಾನ ನೀವು ಇಲಿ ಸಾಕೀನಿ ಅಂದ್ರಿ. ಅಂಥಾ ಗಂಡಸು ಒಬ್ಬರ ಅದಾರಲ್ಲ ಅಂತ, ನೋಡೂಕಿಂತ ಮೊದಲ ಹೂಂ ಅನ್ನೂದು ಅಂತ ಬಂದಿದ್ನಿ."

ಈರೇಶನಿಗೆ ಎದೆಯಲ್ಲಿ ಸೂಜಿ ಮುರಿದಂತಾಯಿತು. "ಈಗರ ಅನ್ರಿ," ಅಂದ.

ರೋಹಿಣಿ ಇಲಿಯ ಮೈಮೇಲಿನ ಕುಂಕುಮವನ್ನು ಸೆರಗಿನಿಂದ ಒರೆಸಿದಳು. "ಒಂದು ಇಲಿನ್ನ ಖರೇನ ಎರಡು ವರ್ಷ ಸಾಕ್ರಿ. ಆಮ್ಯಾಲೆ ಮಾತಾಡೂಣು." ಹೀಗೆಂದು ಇಲಿಯ ಜೊತೆ ಕಾರು ಹತ್ತಿದಳು. ಈರಬಸಪ್ಪ ಪಂಜರವನ್ನೂ ಎತ್ತಿಕೊಂಡು ಹೋದ.

ಓಣಿಯಲ್ಲಿ ಈ ಸಂಬಂಧ ಮುರಿದದ್ದು ಯಾಕೆಂದು ಯಾರಿಗೂ ಅನುಮಾನ ಇರಲಿಲ್ಲ. "ಮುಂಜಾನೆನ ಹೇಳಿದ್ನಿ, ಕತ್ತರಿ ಮುಟ್ಟಬ್ಯಾಡ ಅಂತ," ಎಂದು ದೇವಕ್ಕ ಕಡಬಿನ ಬುಟ್ಟಿ ಎತ್ತಿಕೊಂಡಳು. ಜಹೀರುದ್ದೀನ ಕಾಕಾ ತಮ್ಮ ಅಂಗಿ ಇಸಿದುಕೊಂಡರು.

ಸಂಜೆ ಈರೇಶ ಒಬ್ಬನೇ ಮಷಿನ್ನಿನ ಮುಂದೆ ಕೂತಿದ್ದ. ಅಂಗೈಯಲ್ಲಿ ಶೇಂಗಾ ಹಾಗೇ ಇತ್ತು. ಆಗ ಗೋಡೆಯ ಬಿಲದಿಂದ ಮನೆಯ ಹಳೆಯ ಇಲಿಯೊಂದು ಬಂತು, ಮಣ್ಣಿನ ಬಣ್ಣದ್ದು, ದಪ್ಪನೆಯದು. ಅದು ನಾಚಲೂ ಇಲ್ಲ, ಅಂಜಲೂ ಇಲ್ಲ. ಸೀದಾ ಅವನ ತೊಡೆಯ ಮೇಲೆ ಹತ್ತಿ, ಬೆಲ್ಲದ ಬೆರಳು ನೆಕ್ಕಿ, ಅಂಗೈಯಲ್ಲೇ ಕೂತು ಶೇಂಗಾ ತಿನ್ನತೊಡಗಿತು.

ಈರೇಶ ಇನ್ನೊಂದು ಕೈಯಿಂದ ಫೋಟೋ ತೆಗೆದು ರೋಹಿಣಿಗೆ ಕಳಿಸಿದ. 'ಇದು ಸುಳ್ಳಲ್ಲರಿ' ಎಂದು ಬರೆದ. ಅವಳು ನೋಡಿದ ಗುರುತು ಬಿತ್ತು. ಬಹಳ ಹೊತ್ತಿನ ಮೇಲೆ ಉತ್ತರವೂ ಬಂತು. ಮಾತಿಲ್ಲ, ಒಂದೇ ಒಂದು ಹಳದಿ ಮುಖ, ಕಣ್ಣಲ್ಲಿ ನೀರು.

ಹತ್ತಿರ ಹಿಡಿದು ನೋಡಿದ, ದೂರ ಹಿಡಿದು ನೋಡಿದ. ನಗುತ್ತಿದೆಯೋ ಅಳುತ್ತಿದೆಯೋ ಗೊತ್ತಾಗಲಿಲ್ಲ. ಶೇಂಗಾ ಮುಗಿಸಿದ ಇಲಿ ಅಷ್ಟರಲ್ಲಿ ರಾಶಿಗೆ ಇಳಿದು, ತಿರಕಪ್ಪನ ಮಗನ ಮದುವೆಯ ಸೂಟಿನ ತೋಳನ್ನು ಕರಕರ ಕಡಿಯುತ್ತಿತ್ತು.

ಕಸ್ತೂರೆವ್ವ ಬಾಗಿಲಿಗೆ ಬಂದು ಆಕಾಶ ನೋಡಿದಳು. "ಹೊತ್ತು ಮುಳುಗಿತು. ಇಲಿವಾರ ಮುಗೀತು," ಎಂದು ಕಸಬರಿಗೆ ಎತ್ತಿದಳು.

ಈರೇಶ ಎದ್ದು ಸೂಟಿಗೆ ಅಡ್ಡ ನಿಂತ. "ಹೊಡೀಬ್ಯಾಡಬೇ ಅವ್ವಾ. ಇದನ್ನ ಎರಡು ವರ್ಷ ಸಾಕಬೇಕು."